ಅಪ್ಪ ತಿನ್ನದ ಹೊಂಡದ ಮೀನು

ನಮ್ಮಪ್ಪನಿಗೆ ಊಟದ ರುಚಿ ಗೊತ್ತಾಗುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕೋದು ಮರೆತರೂ ತಟ್ಟೆ ಬಳಿದು ತಿಂದು, ಕೈ ತೊಳೆದು, ಜಗಲಿಗೆ ಹೋಗಿ ಬೀಡಿ ಹಚ್ಚುವ ಮನುಷ್ಯ. ಇವತ್ತೇನು ಸಾರು ಅಂತ ಕೇಳಿದರೆ ‘ಬಿಸಿ ಇತ್ತು’ ಅನ್ನೋನು. ಅಂಥವನು ಮೀನಿನ ಮಾತು ಬಂದರೆ ಮಾತ್ರ ಪಂಡಿತನಾಗಿಬಿಡುತ್ತಿದ್ದ. ಕೆರೆ ಮೀನೇ ಬೇರೆ, ಸಾಕಿದ ಮೀನೇ ಬೇರೆ, ಕಣ್ಣಿಗೆ ಬಟ್ಟೆ ಕಟ್ಟಿ ಬಾಯಿಗಿಟ್ಟರೂ ಹೇಳಿಬಿಡ್ತೀನಿ ಅಂತ ಎದೆ ತಟ್ಟಿಕೊಳ್ಳೋನು.

ಈ ಪಾಂಡಿತ್ಯ ಹುಟ್ಟಿದ್ದು ನನ್ನ ತಮ್ಮ ಮೀನು ಸಾಕೋಕೆ ಶುರು ಮಾಡಿದ ಮೇಲೆ. ಅದಕ್ಕೆ ಮುಂಚೆ ಅಪ್ಪ ಯಾವ ಮೀನಿನ ಜಾತಕವನ್ನೂ ಕೇಳಿದವನಲ್ಲ.

ತಮ್ಮನಿಗೆ ಗುಬ್ಬಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಮನೆ ನಿಟ್ಟೂರಿನಲ್ಲಿ, ಹಿಂದುಗಡೆ ಹೊಲ. ಹೊಲದ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿ, ಕಪ್ಪು ಪ್ಲಾಸ್ಟಿಕ್ ಹಾಸಿ, ನೀರು ತುಂಬಿಸಿ, ಕಾಟ್ಲಾ ರೋಹು ಮರಿ ತಂದು ಬಿಟ್ಟ. ಹುಟ್ಟಿದಾಗಿನಿಂದ ಯಾವುದನ್ನೂ ನೆಟ್ಟಗೆ ಮುಗಿಸದ ಹುಡುಗ ಅಂತ ಅವನ ಮೇಲೆ ಅಪ್ಪನ ದೂರು. ಮೀನು ಮಾತ್ರ ಬೆಳೆದವು. ಗುಬ್ಬಿಯ ಹೋಟೆಲಿನವರು ಮನೆ ಬಾಗಿಲಿಗೆ ಬಂದು ಕೊಂಡುಹೋದರು. ಅಕ್ಕಪಕ್ಕದ ಊರಿನವರು ಬಂದು ಹೊಂಡ ನೋಡಿ, ಫೋಟೋ ತೆಗೆದುಕೊಂಡು, ‘ಏನ್ ಹಾಕ್ತೀರಾ ಸಾರ್ ಇವಕ್ಕೆ’ ಅಂತ ಕೇಳಿದರು. ‘ಫೀಡ್ ಮ್ಯಾನೇಜ್‌ಮೆಂಟ್ ಸಾರ್, ಎಲ್ಲಾ ಫೀಡ್ ಮ್ಯಾನೇಜ್‌ಮೆಂಟು’ ಅಂತ ತಮ್ಮ ಭಾಷಣ ಬಿಗಿಯೋನು.

ಊರೆಲ್ಲ ತಿಂದ ಆ ಮೀನನ್ನು ಅಪ್ಪ ಒಂದು ಸಲವೂ ಬಾಯಿಗಿಡಲಿಲ್ಲ. ತಟ್ಟೆಗೆ ಬಿದ್ದರೆ ಎತ್ತಿ ಪಕ್ಕಕ್ಕಿಡೋನು. ‘ಪ್ಲಾಸ್ಟಿಕ್ ವಾಸನೆ’ ಅನ್ನೋನು. ಇನ್ನೊಂದು ದಿನ ‘ಇದು ಮೀನಲ್ಲ, ಮೀನಿನ ಥರ ಇರೋ ಬದನೆಕಾಯಿ’ ಅಂದ. ತಮ್ಮ ತನ್ನ ತಟ್ಟೆಯಲ್ಲಿ ಮುಳ್ಳು ಬಿಡಿಸುತ್ತಾ ಕೂತಿರೋನು. ನಾನು ಕಿಸಕ್ಕಂತ ನಗೋಳು. ಇವತ್ತು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತೆ, ಅವತ್ತು ಮಾತ್ರ ನಗು ಬರುತ್ತಿತ್ತು.

ಯಾಕೆಂದರೆ ಅಪ್ಪನ ಪಾಂಡಿತ್ಯದ ಗುಟ್ಟು ನನಗೆ ಗೊತ್ತಿತ್ತು. ಕಣ್ಣಿನ ಪೊರೆ ತೆಗೆಸೋಕೆ ಅಂತ ಅಪ್ಪ ತುಮಕೂರಿಗೆ ಬಂದು ನಮ್ಮನೇಲಿ ಒಂದು ವಾರ ಇದ್ದ. ಕೆರೆ ಮೀನು ಬೇಕು ಅಂದ. ನಾನು ಶಿರಾ ಗೇಟಿನ ಮೀನಂಗಡಿಗೆ ಹೋದೆ. ಅಂಗಡಿ ಭಾಯಿ ಥರ್ಮಾಕೋಲ್ ಡಬ್ಬಿ ತೆಗೆದು ಐಸ್ ಸರಿಸಿದ. ‘ಕೆರೇದಾ, ಸಾಕಿದ್ದಾ?’ ಅಂದೆ. ‘ಟೀಚರಮ್ಮ, ನಿಮ್ಮ ಹತ್ರ ಸುಳ್ಳು ಯಾಕೆ, ಆಂಧ್ರದಿಂದ ಬಂದಿರೋದು, ಸಾಕಿದ್ದೇ. ಆದ್ರೆ ಕೇಳಿದೋರಿಗೆ ಕೆರೇದು ಅಂತ ಹೇಳಿ, ಖುಷಿಯಾಗಿ ತಿಂತಾರೆ’ ಅಂದ. ತಂದು ಹುಳಿ ಹಾಕಿ ಸಾರು ಮಾಡಿ, ‘ಕೆರೇದು ಕಣಪ್ಪಾ’ ಅಂತ ಬಡಿಸಿದೆ. ಅಪ್ಪ ತಲೆಯನ್ನೂ ಬಿಡದೆ ಚೀಪಿದ. ‘ನೋಡವ್ವಾ, ಇದು ಮೀನು! ಆ ನಿನ್ ತಮ್ಮಂಗೆ ಒಂದ್ ತುಂಡು ಕಳ್ಸು, ಮೀನು ಅಂದ್ರೆ ಏನು ಅಂತ ತಿಳ್ಕೊಳ್ಳಿ’ ಅಂದ.

ಈ ವಿಷಯ ನಾನು ತಮ್ಮನಿಗೆ ಹೇಳಬಹುದಿತ್ತು. ‘ಅಪ್ಪಂಗೆ ರುಚಿನೂ ಗೊತ್ತಿಲ್ಲ, ಪಚಿನೂ ಗೊತ್ತಿಲ್ಲ, ತಲೆ ಕೆಡಿಸ್ಕೋಬೇಡ’ ಅಂದಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳಿದರೆ ಅಪ್ಪನಿಗೆ ನಾನು ಸುಳ್ಳು ಹೇಳಿದ್ದು ಬಯಲಾಗುತ್ತೆ ಅಂತ ಸುಮ್ಮನಾದೆ. ಮರ್ಯಾದೆ ಪ್ರಶ್ನೆ ನೋಡಿ. ಹೀಗೆ ಅಪ್ಪ ತನ್ನ ಮಗನ ಮೀನಿನ ರುಚಿ ನೋಡದೇನೇ ಒಂದು ದಿನ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ದಿನ ತಮ್ಮ ಹಿತ್ತಲಲ್ಲಿ ಕೂತುಕೊಂಡು ನನಗೆ ಒಂದೇ ಮಾತು ಹೇಳಿದ್ದ. ‘ಅಕ್ಕ, ಒಂದ್ ತುತ್ತು ತಿಂದು ಚೆನ್ನಾಗಿಲ್ಲ ಅಂದಿದ್ರೂ ಆಗಿತ್ತು. ತಿನ್ನಲೇ ಇಲ್ವಲ್ಲೇ.’ ನಾನು ಎದ್ದು ಒಳಗೆ ಹೋದೆ.

ವರ್ಷ ಕಳೆಯಿತು. ಅಪ್ಪನ ಹೆಸರಲ್ಲಿ ಎಡೆ ಇಡುವ ಮೊದಲ ಪಿತೃಪಕ್ಷ ಬಂತು. ನಮ್ಮ ಕಡೆ ಮಹಾಲಯ ಅಮಾವಾಸ್ಯೆ ದಿನ ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆ ಮೇಲಿಟ್ಟು ಕೈ ಮುಗೀತೀವಿ. ಹೊಸ ಪಂಚೆ, ಮುದ್ದೆ, ಕೋಳಿ ಸಾರು, ವಡೆ, ಕುಡಿಯೋರಾಗಿದ್ದರೆ ಒಂದು ಕ್ವಾರ್ಟರು, ಸೇದೋರಾಗಿದ್ದರೆ ಬೀಡಿ, ಜೊತೆಗೆ ಬೆಂಕಿಪೊಟ್ಟಣ. ಬೆಂಕಿಪೊಟ್ಟಣ ಮರೆತರೆ ಅಲ್ಲಿ ಯಾರನ್ನ ಕೇಳ್ತಾರೆ ಪಾಪ! ಆಮೇಲೆ ಒಂದು ಎಲೆ ಮಾಡಿನ ಮೇಲಿಟ್ಟು ಕಾಗೆಗೆ ಕಾಯಬೇಕು. ಕಾಗೆ ಮುಟ್ಟಿದರೆ ಹಿರಿಯರು ಉಂಡ ಹಾಗೆ. ಅವರು ಉಂಡ ಮೇಲೆ ನಾವು.

ಹಬ್ಬಕ್ಕೆ ಒಂದು ವಾರ ಇರುವಾಗ ತಮ್ಮ ಫೋನ್ ಮಾಡಿದ. ‘ಅಕ್ಕ, ಎಡೆಗೆ ಮೀನು ನಮ್ಮ ಹೊಂಡದ್ದೇ ಇಡ್ತೀನಿ’ ಅಂದ. ಅವನ ದನಿಯಲ್ಲಿ ಏನೋ ಇತ್ತು. ಅರ್ಥ ಮಾಡಿಕೊಳ್ಳುವ ಸಹನೆ ನನಗೆಲ್ಲಿ? ಕೋಪ ಮೂಗಿನ ತುದೀಲೇ ಕೂತಿರುತ್ತೆ.

‘ಬದುಕಿದ್ದಾಗ ಮುಟ್ಟದೋನು ಸತ್ತ ಮೇಲೆ ತಿಂತಾನಾ? ಸುಮ್ನಿರೋ’ ಅಂದೆ.

ಅವನು ಫೋನನ್ನು ಅಮ್ಮನ ಕೈಗೆ ಕೊಟ್ಟ. ‘ಯಾವ್ದಾದ್ರೂ ಆಗ್ಲಿ ಕಣೇ, ಹೊಂಡದ್ ಮೀನು ಮಾತ್ರ ಬ್ಯಾಡ’ ಅಂದಳು. ನೋಡಿದಿರಾ, ಅಮ್ಮನೂ ನನ್ನ ಕಡೆಯೇ ಅಂತ ನನಗೆ ಇನ್ನೂ ಹುರುಪು ಬಂತು. ಆಂಧ್ರದ ಮೀನು ತಿನ್ನಿಸಿದ ಪಾಪ ಬೇರೆ ಒಳಗೊಳಗೇ ಕುಟುಕುತ್ತಿತ್ತು. ಈ ಸಲವಾದರೂ ಅಪ್ಪನಿಗೆ ಅಸಲಿ ಕೆರೆ ಮೀನನ್ನೇ ಇಡಬೇಕು ಅಂತ ತೀರ್ಮಾನ ಮಾಡಿದೆ. ನಮ್ಮನೆಯವರು ‘ಶಿರಾ ಗೇಟಲ್ಲೇ ತಗೊಂಡು ಹೋಗೇ, ನಿಮ್ಮಪ್ಪ ಎದ್ದು ಬಂದು ವಿಚಾರಣೆ ಮಾಡ್ತಾರಾ?’ ಅಂದರು. ನಾನು ಕೇಳುವ ಪೈಕಿಯಾ? ಹಬ್ಬದ ಹಿಂದಿನ ದಿನ ಸ್ಕೂಲಿಗೆ ರಜೆ ಹಾಕಿ, ಬೆಳ್ಳಂಬೆಳಗ್ಗೆ ಪೇಂಟ್ ಬಕೆಟ್ ಒಂದು ಹಿಡಿದು ಕುಣಿಗಲ್ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಾರ್ಕೋನಹಳ್ಳಿ ಡ್ಯಾಮಿಗೆ ಹೋದೆ.

ದಡದಲ್ಲಿ ಒಬ್ಬ ನಡುವಯಸ್ಸಿನ ಮೀನುಗಾರ ಬಲೆ ಬಿಡಿಸುತ್ತಾ ಕೂತಿದ್ದ. ಮುಂದೆ ಗೋಣಿಚೀಲದ ಮೇಲೆ ಹೊಳೆಹೊಳೆಯುವ ಕಾಟ್ಲಾಗಳು.

‘ಇವು ಸಾಕಿದ್ದಲ್ಲ ತಾನೆ?’ ಅಂದೆ.

‘ಡ್ಯಾಮಿಂದು ಮೇಡಂ. ಈಗ ತಾನೇ ಹಿಡ್ದಿದ್ದು.’

‘ತಾವಾಗೇ ಹುಟ್ಟಿದ್ವಾ?’

ಅವನು ಬಲೆ ಬಿಟ್ಟು ನನ್ನನ್ನು ನೋಡಿದ. ‘ಹುಟ್ಟೋದು ಎಲ್ಲೋ ಹುಟ್ತವೆ. ಮರಿ ತಂದು ನಾವೇ ಬುಡ್ತೀವಿ.’

‘ಅಯ್ಯೋ, ಹಂಗಾದ್ರೆ ಇವೂ ಸಾಕಿದ್ದೇ ಆಯ್ತಲ್ಲಪ್ಪಾ!’

‘ಸಾಕೋದು ಎಲ್ಬಂತು? ಬುಟ್ಟು ಬುಡ್ತೀವಿ ಅಷ್ಟೆ. ಹೊಟ್ಟೆ ಪಾಡು ಅವೇ ನೋಡ್ಕೊಂತವೆ. ಹಾಸ್ಟೆಲ್ಗೆ ಸೇರಿಸ್ದಂಗೆ ಅಂದ್ಕೊಳ್ಳಿ.’

‘ನನಗೆ ಹಾಸ್ಟೆಲ್ ಮೀನು ಬೇಡ’ ಅಂದೆ. ‘ಯಾರೂ ಬಿಡದೆ, ಯಾರೂ ಊಟ ಹಾಕದೆ ಬೆಳೆದಿರೋ ಮೀನು ಬೇಕು.’

‘ಯಾಕ್ ಮೇಡಂ, ಔಷಧಿಗಾ?’

‘ನಮ್ಮಪ್ಪಂಗೆ.’

‘ಉಷಾರಿಲ್ವಾ?’

‘ತೀರ್ಕೊಂಡವರೆ.’

ಅವನಿಗೆ ತಕ್ಷಣ ಎಲ್ಲಾ ಅರ್ಥವಾಯಿತು. ಎಡೆಯ ವಿಷಯ ಅಂದರೆ ಯಾರೂ ನಗುವುದಿಲ್ಲ. ಎದ್ದು ಹೋಗಿ ಒಂದು ಹಳೇ ಡ್ರಮ್ಮಿಗೆ ಕೈ ಹಾಕಿ, ಬೈಯುತ್ತಾ, ಜಾರಿಸಿಕೊಳ್ಳುತ್ತಾ, ಮೊಳಕೈ ಉದ್ದದ ಒಂದು ಕರೀ ಮೀನನ್ನು ಎತ್ತಿದ. ಹಾವಿನ ತಲೆ, ಕೆಟ್ಟ ಕಣ್ಣು. ಕೊರವ ಅನ್ನೋ ಮೀನು. ‘ಇದ್ನ ಯಾರೂ ಬುಟ್ಟಿಲ್ಲ ಮೇಡಂ. ಬ್ಯಾಡ ಅಂದ್ರೂ ಬರ್ತದೆ. ನಾವ್ ಬುಟ್ಟಿರೋ ಮರಿಗಳ್ನೆಲ್ಲ ನುಂಗೋ ಮುಂಡೇದು ಇದೇಯ. ತಗೊಂಡ್ ಹೋಗಿ, ನಿಮ್ಮಪ್ಪ ಖುಷಿಯಾಗ್ತಾರೆ’ ಅಂದ. ಇಲ್ಲೇ ಕೊಯ್ದು ಕೊಡ್ತೀನಿ ಅಂದ. ನಾಳೆ ಹೊತ್ತಿಗೆ ಕೆಟ್ಟು ಹೋಗುತ್ತಲ್ಲ ಅಂತ ಬದುಕಿರುವಾಗಲೇ ಬಕೆಟ್ಟಿಗೆ ಹಾಕಿಸಿಕೊಂಡು, ನೀರು ಬಿಟ್ಟು, ಮುಚ್ಚಳಕ್ಕೆ ತೂತು ಹೊಡೆಸಿದೆ.

ಕುಣಿಗಲ್ಲಿನಿಂದ ತುಮಕೂರಿಗೆ ಬರುವಾಗ ಬಸ್ಸಿನಲ್ಲಿ ಬಕೆಟ್ಟು ‘ಧಡ್’ ಅಂತ ಸದ್ದು ಮಾಡಿತು. ಕಂಡಕ್ಟರು ನಿಂತ.

‘ಏನಮ್ಮಾ ಅದ್ರಲ್ಲಿ?’

‘ಮೀನು.’

‘ಸತ್ತಿರೋದಾ, ಬದುಕಿರೋದಾ?’

ಬಕೆಟ್ಟೇ ಇನ್ನೊಮ್ಮೆ ಧಡ್ ಅಂತ ಉತ್ತರ ಕೊಟ್ಟಿತು.

‘ಬದುಕಿದ್ರೆ ಟಿಕೆಟ್ ತಗೋಬೇಕು’ ಅಂದ. ‘ನಿಮ್ಗೆ ಫ್ರೀ. ಅದ್ಕೆ ಫ್ರೀ ಇಲ್ಲ.’

ನನಗೆ ರೇಗಿತು. ‘ಅಲ್ಲಪ್ಪಾ, ಮೀನು ಸೀಟಲ್ಲಿ ಕೂತಿದೆಯಾ?’

‘ಕೋಳಿಗೂ ಅರ್ಧ ಟಿಕೆಟ್ ಕೊಡ್ತೀವಮ್ಮಾ. ಕೋಳಿ ಏನ್ ಕಾಲ್ಮೇಲ್ ಕಾಲ್ ಹಾಕ್ಕೊಂಡ್ ಕೂತಿರ್ತದಾ?’

ಹಿಂದಿನ ಸೀಟಿನ ಅಜ್ಜಿಯೊಬ್ಬಳು ಬಗ್ಗಿ ನೋಡಿ, ‘ಹೆಣ್ಣು ಮೀನಾದ್ರೆ ಫ್ರೀ ಕೊಡಪ್ಪಾ, ಅದೂ ಹೆಂಗಸೇ ಅಲ್ವಾ’ ಅಂದಳು. ಕಂಡಕ್ಟರು ಮುಖ ಗಂಟಿಕ್ಕಿಕೊಂಡೇ ‘ಆಧಾರ್ ಕಾರ್ಡ್ ತೋರ್ಸು ಅನ್ನಿ, ಕೊಡ್ತೀನಿ’ ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಮಿಷನ್ನಿನಲ್ಲಿ ಮೀನು ಅಂತ ಇರಲಿಲ್ಲವಂತೆ. ಕೊನೆಗೆ ಕೋಳಿ ಲೆಕ್ಕದಲ್ಲಿ ಅರ್ಧ ಟಿಕೆಟ್ ಹರಿದು ಕೊಟ್ಟ. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಗುಬ್ಬಿ ದಾಟಿ ನಿಟ್ಟೂರು ಮುಟ್ಟುವ ಹೊತ್ತಿಗೆ ನನ್ನ ಸೀರೆಯ ನೆರಿಗೆಯೆಲ್ಲ ಡ್ಯಾಮಿನ ನೀರು.

ಸಂಜೆ ನಾಲ್ಕೂವರೆಗೆ ತಮ್ಮ ಅಂಗಡಿ ಬೇಗ ಮುಚ್ಚಿ ಬಂದಿದ್ದ. ಬಕೆಟ್ಟು ನೋಡಿದ. ಮುಚ್ಚಳ ತೆಗೆದು ಕೊರವ ಮೀನನ್ನು ನೋಡಿದ. ಕೊರವ ಅವನನ್ನು ನೋಡಿತು.

‘ಹಿತ್ತಲಲ್ಲಿ ಅಷ್ಟು ಮೀನಿಟ್ಕೊಂಡಿದೀನಿ. ನೀನು ಒಂದು ಮೀನನ್ನ ಕುಣಿಗಲ್ಲಿಂದ ಬಸ್ಸಲ್ಲಿ ಕರ್ಕೊಂಬಂದಿದೀಯ’ ಅಂದ.

‘ಅದು ನಿನಗಲ್ಲ ಕಣೋ, ಅಪ್ಪಂಗೆ.’

‘ಗೊತ್ತು’ ಅಂದ. ಎದ್ದು ಹೋಗಿ ಎಡೆಯ ಜಾಗಕ್ಕೆ ಸುಣ್ಣ ಬಳಿಯೋಕೆ ಕೂತ. ಅಮ್ಮ ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

ಇನ್ನು ನನ್ನ ಬುದ್ಧಿವಂತಿಕೆಯ ಕತೆ. ಇಪ್ಪತ್ತೈದು ವರ್ಷಕ್ಕೂ ಮೇಲೆ ಮಕ್ಕಳಿಗೆ ವಿಜ್ಞಾನ ಕಲಿಸಿದೀನಿ. ಮೀನು ಕಿವಿರುಗಳಿಂದ ಉಸಿರಾಡುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ, ಬರೆಯದವರ ಕಿವಿ ಹಿಂಡಿದೀನಿ. ಆ ಸಂಜೆ ಬಕೆಟ್ಟಿಗೆ ಇಣುಕಿದರೆ ಕೊರವ ನೀರಿನ ಮೇಲಕ್ಕೆ ಬಾಯಿ ಹಾಕಿ ‘ಗಬಕ್’ ಅಂತ ಗಾಳಿ ನುಂಗುತ್ತಿದೆ. ಐದು ನಿಮಿಷ ಬಿಟ್ಟು ಮತ್ತೆ ಗಬಕ್. ಅಯ್ಯೋ ಶಿವನೇ, ನೀರಲ್ಲಿ ಆಮ್ಲಜನಕ ಮುಗಿದುಹೋಗಿದೆ, ಬೆಳಗಾಗುವಷ್ಟರಲ್ಲಿ ಸತ್ತು ನಾರುತ್ತೆ ಅಂದುಕೊಂಡೆ. ಕೊರವ ಗಾಳಿ ಕುಡಿದೇ ಬದುಕೋ ಜಾತಿ, ಕೆಸರಲ್ಲೂ ಇರುತ್ತೆ ಅಂತ ನಿಟ್ಟೂರಿನ ಮೂರನೇ ಕ್ಲಾಸಿನ ಮಗುವಿಗೂ ಗೊತ್ತಂತೆ. ವಿಜ್ಞಾನದ ಟೀಚರಿಗೆ ಗೊತ್ತಿರಲಿಲ್ಲ.

ಯಾರನ್ನೂ ಕೇಳದೆ ಬಕೆಟ್ಟು ಎತ್ತಿಕೊಂಡು ಹೋಗಿ ಹೊಂಡಕ್ಕೆ ಸುರಿದೆ. ಬೆಳಿಗ್ಗೆ ಬಲೆ ಹಾಕಿ ಹಿಡಿದರಾಯಿತು, ಕರೀದು, ಗುರುತು ಸಿಗುತ್ತೆ ಅಂತ ನನ್ನ ಲೆಕ್ಕ. ಅದು ಒಂದು ಸಲ ಬಾಲ ಬಡಿದು ಒಳಗೆ ಹೋಯಿತು. ಒಂದು ಜೀವ ಉಳಿಸಿದ ಸಮಾಧಾನದಲ್ಲಿ ಬಂದು ಕಾಫಿ ಕುಡಿದೆ.

ಹಬ್ಬದ ಬೆಳಿಗ್ಗೆ ತಮ್ಮ ಬಕೆಟ್ಟು ಖಾಲಿ ಇರುವುದನ್ನು ನೋಡಿ ‘ಎಲ್ಲೇ ಅಕ್ಕ ನಿನ್ ಮೀನು?’ ಅಂದ. ಹೇಳಿದೆ.

‘ಹೊಂಡಕ್ಕಾ? ಕೊರವಾನಾ? ಅಕ್ಕ, ಹೋದ್ ವಾರ ತಾನೇ ಮರಿ ಬಿಟ್ಟಿದೀನಲ್ಲೇ! ಒಂದೂ ಬಿಡಲ್ವಲ್ಲೇ ಅದು!’

ಪಂಚೆ ಎತ್ತಿ ಕಟ್ಟಿ ಬಲೆ ಹಿಡಿದು ಇಳಿದ. ಎಡೆ ಇಡಬೇಕಾದ ಮಗ, ಮಡಿ ಸ್ನಾನ ಮಾಡಿದವನು, ಎದೆ ಮಟ್ಟ ನೀರಲ್ಲಿ. ಅವನ ಹೆಂಡತಿ, ಅಂಗನವಾಡಿ ಟೀಚರು, ಕೈಯಲ್ಲಿ ವಡೆ ಹಿಟ್ಟು ಹಿಡಿದುಕೊಂಡೇ ಓಡಿಬಂದು ಬಲೆಯ ಇನ್ನೊಂದು ತುದಿ ಹಿಡಿದಳು. ನಾನು ಬದುವಿನ ಮೇಲೆ ನಿಂತು ‘ಅಲ್ಲಿ! ಇಲ್ಲಿ!’ ಅಂತ ಕಿರುಚುತ್ತಿದ್ದೆ. ಪ್ಲಾಸ್ಟಿಕ್ ಮೇಲೆ ಪಾಚಿ, ಕಾಲಿಟ್ಟರೆ ಜಾರುತ್ತೆ. ತಮ್ಮ ಎರಡು ಸಲ ಮುಳುಗಿ ಎದ್ದ. ಕಾಟ್ಲಾಗಳು ಹೆದರಿ ಹಾರಿ ಹಾರಿ ಬಿದ್ದವು, ಒಂದು ನನ್ನ ಹೊಸ ಸೀರೆಗೇ ಬಂದು ಬಡಿಯಿತು. ಸಿಕ್ಕಿದ್ದೆಲ್ಲ ಸಾಕಿದ ಮೀನು. ಅಸಲಿ ಕೆರೆ ಮೀನು ಮಾತ್ರ ತಳ ಹಿಡಿದು ಕೂತುಬಿಟ್ಟಿತ್ತು.

ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ‘ಕದಡಬ್ಯಾಡ್ರಲೇ, ಹೆದರ್ಕೊಂತವೆ’ ಅಂದಳು. ಯಾರು ಕೇಳುತ್ತಾರೆ? ‘ಹೆದರ್ಕೊಳ್ಳಿ ಬುಡು’ ಅಂತ ನಾನೇ ಬೈದೆ.

ಒಂದು ಗಂಟೆ ಹೀಗೇ ಹೋಯಿತು. ತಮ್ಮ ಸುಸ್ತಾಗಿ ನಿಂತ. ಬಲೆಯಲ್ಲಿ ದೊಡ್ಡದೊಂದು ಕಾಟ್ಲಾ ಸಿಕ್ಕಿಕೊಂಡಿತ್ತು, ಒಂದು ಕೂಸಿನಷ್ಟು ಭಾರ. ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮೇಲಕ್ಕೆ ಬಂದು ಬದುವಿನ ಮೇಲೆ ಹಾಕಿದ.

‘ಸಾಕು. ಇದನ್ನೇ ಇಡ್ತೀನಿ. ತಿಂದ್ರೆ ತಿನ್ಲಿ, ಬಿಟ್ರೆ ಬಿಡ್ಲಿ. ನಾನು ಬೆಳೆಸಿರೋದು ಇದು. ನನ್ ಹತ್ರ ಇರೋದು ಇದೇ’ ಅಂದ. ಹೆಂಡತಿಗೆ ‘ಮಚ್ಚು ತಗೊಂಬಾ’ ಅಂದ.

‘ಬುಡ್ಲಾ ಅದ್ನ!’

ಅಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಂಡಿ ನೋವಿನ ಹೆಂಗಸು ಸೆರಗು ಕಟ್ಟಿಕೊಂಡು ಓಡಿಬಂದಳು. ‘ಬುಡು ಅಂದ್ರೆ ಬುಡ್ಲಾ ಮೊದ್ಲು! ಮೊಂಡು ಬಾಲದ್ದು ಕಣ್ಲಾ ಅದು! ನಿಮ್ಮಪ್ಪನ ಕೈಲಿ ಉಂಡಿರೋದು!’

ನಮ್ಮ ಮೂವರಿಗೂ ಒಂದೂ ಅರ್ಥವಾಗಲಿಲ್ಲ. ನೋಡಿದರೆ ಆ ಮೀನಿನ ಬಾಲದ ಒಂದು ತುದಿ ನಿಜಕ್ಕೂ ತುಂಡಾಗಿತ್ತು. ಅಮ್ಮ ತಾನೇ ಬಗ್ಗಿ ಅದನ್ನು ನೀರಿಗೆ ತಳ್ಳಿ, ಬದುವಿನ ಮೇಲೆ ಕುಸಿದು ಕೂತಳು.

‘ಏನಮ್ಮಾ ಹಂಗಂದ್ರೆ?’ ಅಂದ ತಮ್ಮ.

ಅಮ್ಮ ಸೆರಗಿನ ತುದಿ ಸುತ್ತುತ್ತಾ, ‘ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ರು’ ಅಂದಳು. ಆಮೇಲೆ ಹೇಳಿದಳು.

ಹೊಂಡಕ್ಕೆ ಮೀನು ಬಿಟ್ಟ ಹೊಸದರಲ್ಲಿ ಅಪ್ಪ ಸುಮ್ಮನೆ ನೋಡೋಕೆ ಅಂತ ಹೋಗುತ್ತಿದ್ದನಂತೆ. ತಮ್ಮ ಗುಬ್ಬಿಗೆ ಹೋದ ಮೇಲೆ, ಸೊಸೆ ಅಂಗನವಾಡಿಗೆ ಹೋದ ಮೇಲೆ. ಒಂದು ದಿನ ಕೈಯಲ್ಲಿ ಅಂಟಿದ್ದ ಮುದ್ದೆ ಕೊಡವಿದ್ದಕ್ಕೆ ಒಂದು ಮೀನು ಬಂದು ತಿಂತಂತೆ. ಮಾರನೇ ದಿನ ಒಂದು ಹಿಡಿ ತಗೊಂಡು ಹೋದ. ಅದರ ಮಾರನೇ ದಿನ ಒಂದು ಮುದ್ದೆ. ದಿನಾ ಮಧ್ಯಾಹ್ನ ಅದೇ ಮೂಲೆಯಲ್ಲಿ ಕೂತು ಕರೆಯೋನಂತೆ, ಅವು ಬರುತ್ತಿದ್ದವಂತೆ.

‘ನೀನು ಮೊದ್ಲನೇ ಸಲ ಮೀನು ಹಿಡಿದು ಸಾರು ಮಾಡಿಸ್ದಾಗ ತಟ್ಟೆ ಮುಂದೆ ಕೂತ್ರು ಕಣಪ್ಪಾ. ಕೈ ಹೋಗ್ಲಿಲ್ಲ. ರಾತ್ರಿ ನನ್ ಹತ್ರ ಅಂದ್ರು, ಉಣ್ಣಕ್ಕಿಕ್ಕಿದ ಕೈಲಿ ಹೆಂಗ್ ಎತ್ಕೊಂಡು ತಿನ್ಲಿ ಕಣೇ, ಗಂಟ್ಲಲ್ಲಿ ಇಳೀತದಾ ಅಂತ. ಹಂಗಂತ ಮಗನ್ಗೆ ಹೇಳಿ ಅಂದೆ. ಬ್ಯಾಡ, ಮೀನಿಗೆ ಅಳ್ತಾನೆ ಮುದುಕ ಅಂತ ನಗ್ತಾನೆ, ಅವ್ನ್ ವ್ಯಾಪಾರಕ್ಕೂ ಕೇಡು ಅಂದ್ರು. ಅದ್ಕೇ ಪ್ಲಾಸ್ಟಿಕ್ ವಾಸ್ನೆ, ಅದು ಇದು ಅಂತ ಏನೇನೋ ಅನ್ನೋರು.’

ತಮ್ಮನ ಹೆಂಡತಿ ‘ಅಯ್ಯೋ! ಅದಕ್ಕಾ ಮಾವ ಮಧ್ಯಾಹ್ನಕ್ಕೆ ಎರಡು ಮುದ್ದೆ ಮಾಡಿಡು ಅಂತಿದ್ದುದು!’ ಅಂದಳು. ನನಗೂ ನೆನಪಾಯಿತು. ಎರಡು ಮುದ್ದೆ ತಿಂದರೂ ಮನುಷ್ಯ ಸೊರಗುತ್ತಿದ್ದಾನಲ್ಲ, ಹೊಟ್ಟೇಲಿ ಹುಳ ಇರಬೇಕು ಅಂತ ನಾನೇ ಅಪ್ಪನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ, ಮಾತ್ರೆ ನುಂಗಿಸಿದ್ದೆ. ಪಾಪ, ಹುಳ ಇಲ್ಲದ ಹೊಟ್ಟೆಗೆ ಮೂರು ದಿನ ಮಾತ್ರೆ ನುಂಗಿದ, ಬಾಯಿ ಬಿಡಲಿಲ್ಲ. ಶಿರಾ ಗೇಟಿನ ಮೀನನ್ನು ತಲೆ ಸಮೇತ ಚೀಪಿದ್ದೂ ಈಗ ಅರ್ಥವಾಯಿತು. ಅಪ್ಪನಿಗೆ ಕೆರೇದು, ಸಾಕಿದ್ದು ಅನ್ನೋ ಭೇದವೇ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಗುರುತಿಲ್ಲದ ಮೀನು.

ತಮ್ಮ ಮಾತ್ರ ಒದ್ದೆ ಪಂಚೆಯಲ್ಲಿ ಹಾಗೇ ನಿಂತಿದ್ದ. ಅಮ್ಮನನ್ನು ಕೇಳಿದ.

‘ಮೀನು ಹಿಡಿಯೋ ದಿನ ಅಪ್ಪ ಬಂದು ನಿಂತ್ಕೊಂಡು, ಇದೂ ಒಂದ್ ಮೀನೇನ್ಲಾ ಅಂತ ಎತ್ತಿ ಎತ್ತಿ ವಾಪಸ್ ಎಸೀತಿದ್ನಲ್ಲ?’

‘ಬಿಡಿಸ್ಕೊಂತಿದ್ರು ಕಣಪ್ಪಾ.’

‘ಜನದ ಮುಂದೆ ನನ್ ಮರ್ಯಾದೆ ತೆಗೀತಾನೆ ಅಂದ್ಕೊಂಡಿದ್ದೆ.’

‘ಇನ್ನೇನ್ ಮಾಡೋರು ಮತ್ತೆ? ಮೊಂಡು ಬಾಲದ್ನ ನಾಕ್ ಸಲ ಬಿಡಿಸ್ಕೊಂಡವ್ರೆ.’ ಅಮ್ಮ ಮೂಗು ಒರೆಸಿಕೊಂಡಳು. ‘ಅವ್ರು ಹೋದ ಮೇಲೆ ನಾನ್ ಹಾಕ್ತಿದೀನಿ. ಬಂದು ಬಂದು ಕಾಯ್ತಿದ್ವು, ನೋಡಕ್ಕಾಗ್ಲಿಲ್ಲ.’

ಹಾಗಾದರೆ ಆ ಫೀಡ್ ಮ್ಯಾನೇಜ್‌ಮೆಂಟು? ಊರೂರಿನವರಿಗೆ ಕೊಟ್ಟ ಭಾಷಣ? ನನ್ನ ನಾಲಿಗೆ ತುದಿಗೆ ಬಂತು. ಜೀವನದಲ್ಲಿ ಮೊದಲ ಸಲ ನುಂಗಿಕೊಂಡೆ.

ಮಧ್ಯಾಹ್ನ ಎಡೆ ಇಟ್ಟೆವು. ಕೋಳಿ ಸಾರು, ವಡೆ, ಪಾಯಸ, ಮುದ್ದೆ, ಬೀಡಿ, ಬೆಂಕಿಪೊಟ್ಟಣ. ಮೀನು ಇಡಲಿಲ್ಲ, ಇಡೋಣ ಅಂತ ಯಾರೂ ಅನ್ನಲೂ ಇಲ್ಲ. ಕೊರವ ಮೀನನ್ನು ಯಾವತ್ತು ಹಿಡಿಯೋದು ಅಂತಲೂ ಯಾರೂ ಕೇಳಲಿಲ್ಲ. ಧೂಪ ಹಾಕಿ ಕೈ ಮುಗಿದಾದ ಮೇಲೆ ಮಾಡಿನ ಮೇಲಿಡುವ ಎಲೆಯನ್ನು ತಮ್ಮ ಕೈಗೆತ್ತಿಕೊಂಡ. ಏಣಿ ಹತ್ತಲಿಲ್ಲ. ಹಿತ್ತಲ ಬಾಗಿಲು ದಾಟಿ ಹೊಂಡದ ಕಡೆ ನಡೆದ. ‘ಕಾಗೆಗೋ?’ ಅಂದೆ. ಅಮ್ಮ ನನ್ನ ಕೈ ಜಗ್ಗಿ ಸುಮ್ಮನಿರಿಸಿದಳು.

ಆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಮುದ್ದೆ ಚೂರು ಮಾಡಿ ಹಾಕಿದ. ಒಂದೂ ಬರಲಿಲ್ಲ. ಬೆಳಿಗ್ಗೆ ಅಷ್ಟು ಗಲಾಟೆ ಮಾಡಿದ ಮನುಷ್ಯ ಇವನೇ ಅಂತ ಅವಕ್ಕೆ ಗೊತ್ತಿಲ್ಲವಾ? ‘ಬನ್ನಿ’ ಅಂತ ಮೆಲ್ಲಗೆ ಕರೆದ. ನೆಂಟರನ್ನು ಕರೆದ ಹಾಗಿತ್ತು.

‘ಹಂಗಲ್ಲ ಕಣ್ಲಾ’ ಅಂದಳು ಅಮ್ಮ. ‘ನಿಮ್ಮಪ್ಪ ಬೈದು ಕರೆಯೋರು.’

ತಮ್ಮ ಒಂದು ಸಲ ಗಂಟಲು ಸರಿಮಾಡಿಕೊಂಡ. ‘ಬರ್ರಲೇ ಮುಂಡೇವಾ! ಎಲ್ಲಿ ಸತ್ತೋದ್ರಿ, ಉಣ್ಣ ಬರ್ರಲೇ!’ ಅಂತ ಕೂಗಿದ. ನನ್ನ ಮೈ ಜುಂ ಅಂತು. ಅದು ಅಪ್ಪನದೇ ದನಿ. ನಮ್ಮಿಬ್ಬರನ್ನೂ ಬೀದಿಯಿಂದ ಊಟಕ್ಕೆ ಕರೆಯುತ್ತಿದ್ದುದು ಹೀಗೇ.

ನೀರು ಮೊದಲು ಒಂದು ಕಡೆ ಅಲುಗಿತು, ಆಮೇಲೆ ನಾಲ್ಕು ಕಡೆ. ಬಾಯಿ ತೆರೆದುಕೊಂಡು ಬಂದವು. ಒಂದರ ಮೇಲೊಂದು ಬಿದ್ದು ತಿಂದವು. ತಮ್ಮ ಮುದ್ದೆ ಮುಗಿಸಿ ವಡೆ ಚೂರು ಮಾಡಿ ಹಾಕಿದ, ಪಾಯಸದ ಅನ್ನ ಹಾಕಿದ. ಎಲೆ ಬರಿದಾದರೂ ಕೈಯನ್ನು ನೀರಲ್ಲಿಟ್ಟುಕೊಂಡೇ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ.

ಅವನು ನನ್ನ ಕಡೆ ತಿರುಗಿದ. ಬೆಳಿಗ್ಗೆ ಅಮ್ಮ ಹೇಳುವಾಗ ನಾನು ಅಲ್ಲಿ ಇರಲೇ ಇಲ್ಲವೇನೋ ಅನ್ನುವ ಹಾಗೆ, ನನಗೆ ಗೊತ್ತೇ ಇಲ್ಲದ ಸುದ್ದಿಯನ್ನು ತಿಳಿಸುವ ಹಾಗೆ ಹೇಳಿದ.

‘ಅಕ್ಕ, ಅಪ್ಪ ದಿನಾ ಬರ್ತಿದ್ನಂತೆ ಕಣೇ.’

‘ಹೂಂ ಕಣೋ’ ಅಂದೆ. ‘ದಿನಾ.’